ಕಡಲಾಚೆಯ ಕುದುರೆಗಳೂ ಎಡೆದೊರೆಯ ನಾಡೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಸೀಮೆಗೆ ನಮ್ಮ ಹಳೆಯ ಶಾಸನಗಳು ಎಡೆದೊರೆಯ ನಾಡೆಂದು ಹೆಸರಿಟ್ಟಿವೆ. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಬಂದ ಹೆಸರು ಅದು. ಪಾರಸಿಕ ಭಾಷೆಯನ್ನು ಬಳಸುತ್ತಿದ್ದ ಅರಸರು ಅದೇ ಅರ್ಥದಲ್ಲಿ ಇದನ್ನು ದೋಆಬೆಂದು ಕರೆದರು. ಲಿಂಗಸುಗೂರು, ಸಿಂಧನೂರು, ಮಸ್ಕಿ ಎಂಬ ಮೂರು ಊರುಗಳೂ ಈ ಸೀಮೆಯ ಒಡಲಿನಲ್ಲಿವೆ. ಮಸ್ಕಿಯೆಂದೊಡನೆ ಚರಿತ್ರೆಯನ್ನು ಬಲ್ಲವರಿಗೆ ಅಶೋಕನ ಶಾಸನವು ನೆನಪಾಗುವುದು ಸಹಜ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಚಿನ್ನದ ಸುಳಿವನ್ನು ಹುಡುಕುತ್ತ ಅಲ್ಲಿಯ ಗುಡ್ಡಗಳಲ್ಲಿ ಅಲೆಯುತ್ತಿದ್ದಾಗ ಆ ಶಾಸನವನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನ ದೊರೆಯು ಅಶೋಕನೇ ಎಂಬುದು ಆ ಬಂಡೆಯ ಅಕ್ಷರಗಳಿಂದಲೇ ನಿಶ್ಚಿತವಾಯಿತು. ಚಿನ್ನವನ್ನು ಅರಸಿ ಹೋದವನಿಗೆ ಚಕ್ರವರ್ತಿಯ ಹೆಸರು ದೊರಕಿತೆಂದು ಹೇಳಬೇಕು. ಚಿನ್ನವೂ ಈ ಸೀಮೆಯಲ್ಲಿ ಇಲ್ಲದೆ ಇಲ್ಲ. ಲಿಂಗಸುಗೂರಿಗೆ ಸೇರಿದ ಹಟ್ಟಿಯಲ್ಲಿ ಪ್ರಾಚೀನರು ನೂರಾರು ಅಡಿಗಳ ಆಳಕ್ಕೆ ತೋಡಿದ ಗಣಿಗಳು ಹೊಸಗಾಲದ ಗಣಿಗಾರರ ಕಣ್ಣಿಗೆ ಬಿದ್ದುವು.

ಆದರೆ ನಾವು ಇಂದು ಹೇಳಹೊರಟಿರುವುದು ಈ ನೆಲದೊಳಗಿನಿಂದ ತೆಗೆದ ವಸ್ತುವಿನ ವಿಷಯವನ್ನಲ್ಲ. ಈ ನೆಲಕ್ಕಾಗಿ ಕಾದಾಡಿದವರು ಕಡಲಾಚೆಯಿಂದ ತರಿಸಿಕೊಳ್ಳಬೇಕಾಗಿದ್ದ ವಸ್ತುವಿನ ವಿಷಯವನ್ನು. ಪರದೇಶದ ಸರಕನ್ನು ತರಿಸುವುದೆಂದರೆ ಅದು ವ್ಯಾಪಾರಿಗಳ ಮಾತು, ಬೆಲೆ ಸುಂಕಗಳ ಲೆಕ್ಕ, ಎಂದು ನಾವು ಸಾಧಾರಣವಾಗಿ ಭಾವಿಸುತ್ತೇವೆ. ಐದು ನೂರು ವರ್ಷಗಳ ಹಿಂದೆ ಈ ಎಡೆದೊರೆಯಲ್ಲಿ ಅದು ರಾಜ್ಯದ ಅಳಿವು ಉಳಿವುಗಳ ಮಾತಾಗಿತ್ತು. ಮುಂಗಡ ಹಣವನ್ನು ಪಡೆದು ಸರಕು ತರಲು ಹೋದ ಒಬ್ಬ ವರ್ತಕನು ದಾರಿ ತಪ್ಪಿದುದರಿಂದಲೇ 1520ರ ಮಹಾಯುದ್ಧವು ಹುಟ್ಟಿತೆಂದು ಆ ಕಾಲಕ್ಕೆ ಬಹಳ ಸಮೀಪದವನಾದ ಲೇಖಕನೊಬ್ಬನು ಬರೆದಿದ್ದಾನೆ.

ಆ ಸರಕು ಕುದುರೆ. ದಕ್ಷಿಣದ ಹವೆಯೂ ಹುಲ್ಲೂ ಒಳ್ಳೆಯ ಯುದ್ಧಾಶ್ವಗಳ ತಳಿಗೆ ಒಗ್ಗಲಿಲ್ಲ. ಇಲ್ಲಿ ಹುಟ್ಟಿದ ನಾಡಕುದುರೆಗಳು ಹೊರೆಗೂ ಸವಾರಿಗೂ ಸಾಕಾಗುತ್ತಿದ್ದುವು. ಕವಚವನ್ನು ಹೊತ್ತು, ಕವಚ ತೊಟ್ಟ ಸವಾರನನ್ನೂ ಹೊತ್ತು ಶತ್ರುವಿನ ಮೇಲೆ ಏರಿಹೋಗಲು ಅರಬ್ಬೀ ಪಾರಸಿಕ ತಳಿಗಳೇ ಬೇಕಾಗಿದ್ದುವು. ಅವು ಬರುತ್ತಿದ್ದುದು ಹೋರ್ಮುಜ್, ಏಡನ್ ಮುಂತಾದ ಬಂದರುಗಳಿಂದ, ಮಾರುತವನ್ನು ನೋಡಿಕೊಂಡು ಹೊರಡುವ ಹಡಗುಗಳಲ್ಲಿ. ಈ ವ್ಯಾಪಾರವು ವಿಜಯನಗರದ ಕಾಲಕ್ಕೆ ಹೊಸತಾಗಿರಲಿಲ್ಲ. ಹಡಗುಗಳಲ್ಲಿ ಆನೆ, ಕುದುರೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳ ಹೊಗಳಿಕೆಯು ಹೊಯ್ಸಳರ ಕಾಲದ ಶಾಸನದಲ್ಲಿಯೇ ಇದೆ. ತಮಿಳು ನಾಡಿನ ಪಾಂಡ್ಯರ ಕಾಲದಲ್ಲಿ, ಎಂದರೆ 1300ರ ಆಸುಪಾಸಿನಲ್ಲಿ, ವರುಷಕ್ಕೆ ಹತ್ತು ಸಾವಿರ ಕುದುರೆಗಳು ಅತ್ತ ಬರುತ್ತಿದ್ದುವೆಂದು ವಸ್ಸಾಫನೆಂಬ ಪಾರಸಿಕ ಚರಿತ್ರಕಾರನು ಬರೆದಿದ್ದಾನೆ. ಕುದುರೆಯೊಂದಕ್ಕೆ 220 ಚಿನ್ನದ ದೀನಾರಗಳ ಬೆಲೆ ಗೊತ್ತಾಗಿತ್ತಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬೆಲೆಯನ್ನೂ ಅರಸನ ಬೊಕ್ಕಸದಿಂದಲೇ ಕೊಡಬೇಕೆಂಬ ಕರಾರಿತ್ತಂತೆ. ಅದೇ ಕಾಲದಲ್ಲಿ ಆ ದೇಶವನ್ನು ಕಂಡ ಮಾರ್ಕೊ ಪೋಲೋ ಇನ್ನೊಂದು ಸಂಗತಿಯನ್ನು ಹೇಳುತ್ತಾನೆ. ಅಲ್ಲಿಯವರಿಗೆ ಕುದುರೆಗಳ ಆರೈಕೆಯು ತಿಳಿಯದು, ಆದುದರಿಂದ ಅವು ಬೇಗನೆ ಸಾಯುತ್ತವೆ. ಕುದುರೆ ತರುವ ವರ್ತಕರೋ ಲಾಳ ಕಟ್ಟಬಲ್ಲ ಅಶ್ವವೈದ್ಯನೊಬ್ಬನೂ ಆ ದೇಶಕ್ಕೆ ಹೋಗದಂತೆ ನೋಡಿಕೊಳ್ಳುತ್ತಾರೆ. ಸರಕನ್ನು ಮಾರುವವನು ಅದನ್ನು ಕಾಪಾಡುವ ವಿದ್ಯೆಯನ್ನು ಮಾತ್ರ ತನ್ನಲ್ಲಿಯೇ ಇಟ್ಟುಕೊಳ್ಳುವ ಈ ಜಾಣತನಕ್ಕೆ ವಯಸ್ಸು ಬಹಳವಾಗಿದೆ.

ಸಾಳುವ ನರಸಿಂಹನು ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಗದ್ದುಗೆಯನ್ನು ಹಿಡಿದಾಗ ಕುದುರೆಗಳ ಕೊರತೆಯನ್ನು ನೀಗಿಸುವುದು ಅವನ ಮೊದಲ ಕೆಲಸಗಳಲ್ಲೊಂದಾಯಿತು. ಅವನು ವರ್ತಕರು ಕೇಳಿದ ಬೆಲೆಯನ್ನು ಕೊಟ್ಟನು. ಸಾವಿರ ಪರ್ದಾವ್‌ಗಳಿಗೆ ಮೂರು ಕುದುರೆಗಳಂತೆ, ಬದುಕಿ ಬಂದರೂ ಸರಿ, ಸತ್ತರೂ ಸರಿ, ಕೊಂಡನು. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯೇ ಅದಕ್ಕೂ ಸಲ್ಲುತ್ತಿತ್ತು. ಕೇಳಿದವರಿಗೆ ಇದು ಅರಸನ ಹುಂಬತನವೆಂದು ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಹಡಗಿನಲ್ಲಿ ಕುದುರೆಯನ್ನು ತರುವವನ ದೊಡ್ಡ ಭಯವು ದಾರಿಯ ನಷ್ಟ. ಆ ನಷ್ಟವನ್ನು ಕೊಳ್ಳುವವನು ತನ್ನ ಮೇಲೆ ಹೊತ್ತುಕೊಂಡರೆ ಹಡಗುಗಳೆಲ್ಲವೂ ಅವನ ಬಂದರಿನ ಕಡೆಗೇ ತಿರುಗುವುವು. ಇಂದು ವಿಮೆಯೆಂದು ಯಾವುದನ್ನು ಕರೆಯುತ್ತೇವೆಯೋ ಆ ಕೆಲಸವನ್ನು ಒಂದು ಬಾಲದ ತುಂಡು ಮಾಡುತ್ತಿತ್ತು.

ಈ ವೃತ್ತಾಂತಗಳನ್ನು ನಮಗೆ ಉಳಿಸಿಕೊಟ್ಟವನು ಫರ್ನಾವ್ ನೂನಿಜ್ ಎಂಬ ಪೋರ್ಚುಗೀಸನು. ಅವನು 1535ರಿಂದ ಸುಮಾರು ಮೂರು ವರ್ಷ ವಿಜಯನಗರದಲ್ಲಿದ್ದನು. ಕುದುರೆಯ ವ್ಯಾಪಾರವೇ ಅವನ ಕಸುಬು. ಅವನ ಬರಹವನ್ನು ರಾಬರ್ಟ್ ಸ್ಯೂಯೆಲನು ಇಂಗ್ಲಿಷಿಗೆ ತಿರುಗಿಸಿ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಎಂಬ ಗ್ರಂಥದಲ್ಲಿ ಅಚ್ಚು ಹಾಕಿಸಿದನು. ಅರಮನೆಯ ಕಥೆಗಳಲ್ಲಿ ನೂನಿಜನು ಅಲ್ಲಲ್ಲಿ ಎಡವುವನು. ಆದರೆ ಕುದುರೆಯ ಬೆಲೆಯ ಮಾತು ಬಂದಾಗ ಅವನ ಸಾಕ್ಷ್ಯಕ್ಕಿಂತ ಉತ್ತಮವಾದ ಸಾಕ್ಷ್ಯವು ಎಲ್ಲಿ ದೊರಕೀತು?

ಅರಸನು ವರುಷಕ್ಕೆ ಹೋರ್ಮುಜಿನ ಕುದುರೆಗಳನ್ನೂ ನಾಡಕುದುರೆಗಳನ್ನೂ ಸೇರಿಸಿ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜನು ಬರೆದಿದ್ದಾನೆ. ಅವುಗಳಲ್ಲಿ ಉತ್ತಮವಾದುವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದ ನಾಡಕುದುರೆಗಳನ್ನು ಸಾವಿರ ಪರ್ದಾವ್‌ಗಳಿಗೆ ಐದರಂತೆ ತನ್ನ ನಾಯಕರಿಗೆ ಹಂಚುವನು. ನಾಯಕರು ಆ ಹಣವನ್ನು ಸೆಪ್ಟೆಂಬರ್ ತಿಂಗಳೊಳಗಾಗಿ ತೆರಬೇಕು. ಆ ಹಣದಿಂದಲೇ ಅರಸನು ಪೋರ್ಚುಗೀಸರಿಂದ ಕೊಂಡ ಅರಬ್ಬೀ ಕುದುರೆಗಳ ಬೆಲೆಯನ್ನು ತೀರಿಸುವನು. ಬೊಕ್ಕಸದಿಂದ ಒಂದು ಹಣವೂ ಹೊರಕ್ಕೆ ಹೋಗದು! ಮಹಾನವಮಿಯ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳನ್ನು ಹಿಡಿದು ನಡೆಯುವ ಪರದೇಶದ ವರ್ತಕರನ್ನು ಕೆತ್ತಿರುವುದನ್ನು ಹಂಪೆಗೆ ಹೋದವರೆಲ್ಲರೂ ಕಂಡಿರುವರು. ಆ ಕುದುರೆಗಳ ಬೆಲೆಯನ್ನು ಕೊಟ್ಟವರಾರೆಂದು ಮಾತ್ರ ಆ ಕಲ್ಲುಗಳು ಹೇಳುವುದಿಲ್ಲ. ನಾಯಕರು ಕೊಟ್ಟ ಹಣವು ಅವರ ಸೀಮೆಗಳ ಒಕ್ಕಲಿಗರಿಂದ ಬಂದುದೇ ಅಲ್ಲವೆ?

ಈಗ ಎಡೆದೊರೆಗೆ ಬರೋಣ. ಹದಿನಾಲ್ಕನೆಯ ಶತಮಾನದಿಂದ ಬಹಮನಿಗಳೂ ವಿಜಯನಗರದವರೂ, ಬಹಮನಿಗಳು ಒಡೆದ ಮೇಲೆ ಬಿಜಾಪುರದವರೂ ವಿಜಯನಗರದವರೂ, ಈ ಸೀಮೆಗಾಗಿ ಹೋರಾಡುತ್ತಲೇ ಇದ್ದರು. ರಾಯಚೂರು, ಮುದಗಲ್ಲುಗಳ ಕೋಟೆಗಳು ಇದರ ಎರಡು ಬೀಗಗಳು. ಮುದಗಲ್ಲು ಲಿಂಗಸುಗೂರಿನ ಸೀಮೆಗೆ ಸೇರಿದುದು. ನೀರಿನ ಕಂದಕದಿಂದ ಸುತ್ತುವರಿದ ಆ ಕೋಟೆಯು ಇಂದಿಗೂ ನೋಡತಕ್ಕುದಾಗಿದೆ. ಈ ಯುದ್ಧಗಳಿಗೆ ಚರಿತ್ರಕಾರರು ಕೊಡುವ ಕಾರಣಗಳು ಒಮ್ಮೊಮ್ಮೆ ಕಥೆಗಳಂತೆ ಇರುತ್ತವೆ. 1406ರಲ್ಲಿ ದೇವರಾಯನು ಮುದಗಲ್ಲಿನ ಅಕ್ಕಸಾಲೆಯೊಬ್ಬನ ಮಗಳ ಚೆಲುವನ್ನು ಕೇಳಿ ದಂಡೆತ್ತಿ ಬಂದನೆಂದು ಫಿರಿಶ್ತನು ಬರೆದಿದ್ದಾನೆ. ಹೆಣ್ಣು, ಕುದುರೆ, ಅವಮಾನ ಯಾವುದಾದರೂ ಆಗಲಿ, ನೆಪಕ್ಕೆ ಕೊರತೆಯಿರಲಿಲ್ಲ.

1510ರಲ್ಲಿ ಆಲ್ಬುಕರ್ಕನು ಬಿಜಾಪುರದವರಿಂದ ಗೋವೆಯನ್ನು ಕಿತ್ತುಕೊಂಡ ಮೇಲೆ ಕುದುರೆಯ ವ್ಯಾಪಾರದ ರೂಪವೇ ಬದಲಾಯಿತು. ಅದುವರೆಗೆ ಭಟ್ಕಳ ಮುಂತಾದ ಬಂದರುಗಳಲ್ಲಿ ಇಳಿಯುತ್ತಿದ್ದ ಕುದುರೆಗಳ ಹಡಗುಗಳನ್ನು ಪೋರ್ಚುಗೀಸರು ತಮ್ಮ ನೌಕೆಗಳ ಬಲದಿಂದ ಗೋವೆಗೆ ತಿರುಗಿಸತೊಡಗಿದರು. ಹಲವರು ಮಾರುತ್ತಿದ್ದ ಸರಕಿಗೆ ಒಂದೇ ಬಾಗಿಲಾಯಿತು. ಕೃಷ್ಣದೇವರಾಯನು ಸಾವಿರ ಕುದುರೆಗಳನ್ನು ತನಗೊಬ್ಬನಿಗೇ ಮಾರಬೇಕೆಂದು ಕೇಳಿ ದೊಡ್ಡ ಮೊತ್ತವನ್ನು ಒಡ್ಡಿದಾಗ ಆಲ್ಬುಕರ್ಕನು ಒಪ್ಪಲಿಲ್ಲ. ಬಿಜಾಪುರದವರಿಗೂ ಆಸೆಯನ್ನು ತೋರಿಸುತ್ತ, ರಾಯನಿಗೂ ಆಸೆಯನ್ನು ತೋರಿಸುತ್ತ, ಇಬ್ಬರಿಂದಲೂ ಬೆಲೆಯನ್ನು ಏರಿಸಿಕೊಳ್ಳುವುದೇ ಅವನ ನೀತಿಯಾಗಿತ್ತು. ರಾಯನಿಗೆ ಈ ಕಷ್ಟವು ಚೆನ್ನಾಗಿ ತಿಳಿದಿದ್ದಿತು. ಅವನು ತೆಲುಗಿನಲ್ಲಿ ರಚಿಸಿದ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ, ಆನೆಗಳನ್ನೂ ಕುದುರೆಗಳನ್ನೂ ದೂರದ ದ್ವೀಪಗಳಿಂದ ತರುವ ವರ್ತಕರಿಗೆ ಊರುಗಳನ್ನೂ ಮನೆಗಳನ್ನೂ ಕೊಟ್ಟು, ಮರ್ಯಾದೆಯಿಂದ ಕಂಡು, ಒಳ್ಳೆಯ ಲಾಭವನ್ನು ಕೊಟ್ಟು, ಆ ಸರಕು ಶತ್ರುಗಳ ಪಾಲಾಗದಂತೆ ನೋಡಿಕೊಳ್ಳಬೇಕೆಂಬ ಅಭಿಪ್ರಾಯವು ಬರುತ್ತದೆ. ಕುದುರೆಯನ್ನು ತಾನು ಪಡೆಯುವುದೆಷ್ಟು ಮುಖ್ಯವೋ ಶತ್ರುವಿಗೆ ತಪ್ಪಿಸುವುದೂ ಅಷ್ಟೇ ಮುಖ್ಯವಾಗಿತ್ತು.

ಇಂತಹ ಹೊತ್ತಿನಲ್ಲಿ ರಾಯನು ಸೀದೆ ಮರ್ಕಾರನೆಂಬ ಮುಸಲ್ಮಾನ ವರ್ತಕನ ಕೈಯಲ್ಲಿ 40,000 ಪರ್ದಾವ್‌ಗಳನ್ನು ಕೊಟ್ಟು, ಗೋವೆಯ ಅಧಿಕಾರಿಗೆ ಪತ್ರವನ್ನೂ ಬರೆದು, ಕುದುರೆಗಳನ್ನು ತರಲು ಕಳುಹಿದನು. ವರ್ತಕನು ಫೋಂಡದ ತನಕ ಹೋದನು. ಗೋವೆಯು ಇನ್ನು ಕೂಗಳತೆಯಲ್ಲಿದೆ ಎನ್ನುವಾಗ ಹಣದೊಡನೆ ಆದಿಲ್ ಶಾಹನ ಆಶ್ರಯವನ್ನು ಸೇರಿಬಿಟ್ಟನು. ರಾಯನು ಹಣವನ್ನೂ ಮನುಷ್ಯನನ್ನೂ ಒಪ್ಪಿಸಬೇಕೆಂದು ಬಿಜಾಪುರಕ್ಕೆ ಹೇಳಿಕಳುಹಿದನು. ಎರಡು ರಾಜ್ಯಗಳ ನಡುವೆ ಮೊದಲೇ ಆಗಿದ್ದ ಒಡಂಬಡಿಕೆಯಂತೆ ಸಾಲಗಾರರನ್ನೂ ಅಪರಾಧಿಗಳನ್ನೂ ಪರಸ್ಪರ ಒಪ್ಪಿಸಬೇಕಾಗಿತ್ತು. ಇಸ್ಮಾಯಿಲ್ ಆದಿಲ್ ಶಾಹನ ಸಭೆಯು ಆ ವರ್ತಕನನ್ನು ಒಪ್ಪಿಸಲಿಲ್ಲ. ಅವನಿಗೆ ದಾಭೋಳದಲ್ಲಿ ನೆಲೆ ದೊರಕಿತು. ಅಲ್ಲಿಗೆ ಸಂಧಿಯು ಮುರಿಯಿತು.

ಈ 40,000 ಪರ್ದಾವ್‌ಗಳನ್ನು ನಾವು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಪರ್ದಾವ್ ಎಂದರೆ ಪೋರ್ಚುಗೀಸರ ಬಾಯಲ್ಲಿ ನಮ್ಮ ವರಾಹ. ಸಾವಿರಕ್ಕೆ ಮೂರರಂತೆ ಕೊಂಡರೆ ಆ ಹಣಕ್ಕೆ ದೊರೆಯುವುದು ಸುಮಾರು 120 ಕುದುರೆಗಳು. ವರುಷಕ್ಕೆ 13,000 ಕುದುರೆಗಳನ್ನು ಕೊಳ್ಳುವವನಿಗೆ ಇದು ನೂರರಲ್ಲಿ ಒಂದು ಪಾಲೂ ಆಗದು. ಇಷ್ಟಕ್ಕಾಗಿ ಲಕ್ಷಗಟ್ಟಲೆ ಜನರನ್ನು ನಡೆಸಿಕೊಂಡು ಹೊರಟನೆಂದರೆ ನಂಬುವುದು ಕಷ್ಟ. ನೂನಿಜನೇ ಬೇರೆ ಕಡೆಯಲ್ಲಿ ನಿಜವಾದ ಕಾರಣವನ್ನು ಹೇಳಿದ್ದಾನೆ. ಸಾಳುವ ನರಸಿಂಹನು ಸಾಯುವಾಗ ಗೆಲ್ಲಬೇಕೆಂದು ಹೇಳಿಹೋದ ಮೂರು ಕೋಟೆಗಳಲ್ಲಿ ಉದಯಗಿರಿಯೂ ಕೊಂಡವೀಡೂ ಕೃಷ್ಣದೇವರಾಯನ ಕೈಸೇರಿದ್ದುವು; ರಾಯಚೂರು ಉಳಿದಿತ್ತು. ಫಿರಿಶ್ತನೋ ಈ ವರ್ತಕನ ಹೆಸರನ್ನೇ ಎತ್ತುವುದಿಲ್ಲ. ಅವನ ಪ್ರಕಾರ ರಾಯಚೂರು ಮುದಗಲ್ಲುಗಳು ಆಗಲೇ ರಾಯನ ವಶದಲ್ಲಿದ್ದುವು, ಅವುಗಳನ್ನು ಮರಳಿ ಪಡೆಯಲು ಆದಿಲ್ ಶಾಹನೇ ಹೊರಟನು. ಎರಡರಲ್ಲಿ ಯಾವುದನ್ನು ನಂಬಬೇಕು? ಫಿರಿಶ್ತನು ಬರೆದುದು ಸುಮಾರು ಎಂಬತ್ತು ತೊಂಬತ್ತು ವರ್ಷಗಳ ತರುವಾಯ, ಬಿಜಾಪುರದ ಆಸ್ಥಾನದಲ್ಲಿ ಕುಳಿತು. ನೂನಿಜನು ಬರೆದುದು ಯುದ್ಧವನ್ನು ಕಂಡವರು ಇನ್ನೂ ಬದುಕಿದ್ದಾಗ. ಆದುದರಿಂದ ವರ್ತಕನ ಕಥೆಯು ನಡೆದುದೇ ಎಂದು ನಮ್ಮ ಅಭಿಪ್ರಾಯ. ಅದು ಯುದ್ಧದ ಕಾರಣವಲ್ಲ, ಕಾಯುತ್ತಿದ್ದವನಿಗೆ ದೊರೆತ ನೆಪ. ಹೀಗಿದ್ದರೂ ಇಂತಹ ನೆಪವು ಕುದುರೆಯ ವ್ಯಾಪಾರದಲ್ಲಿಯೇ ದೊರಕಿತೆಂಬುದು ಗಮನಿಸತಕ್ಕುದು. ಅಷ್ಟು ಹಣವನ್ನು ಮುಂಗಡವಾಗಿ ಕೊಟ್ಟು, ಶತ್ರುವಿನ ಸೀಮೆಯನ್ನು ಹಾದು, ಮೂರನೆಯವನ ಬಂದರಿಗೆ ಒಬ್ಬ ಮಧ್ಯಸ್ಥನನ್ನು ಕಳುಹಬೇಕಾದ ವ್ಯಾಪಾರವು ಬೇರೆ ಯಾವುದಿತ್ತು?

ಸೈನ್ಯವು ಬೇಸಗೆಯಲ್ಲಿ ಹೊರಟಿತು. ಹಂಪೆಯಿಂದ ರಾಯಚೂರಿಗೆ ಹೋಗುವ ಈಗಿನ ಹೆದ್ದಾರಿಯು ಗಂಗಾವತಿ, ಸಿಂಧನೂರು, ಮಾನ್ವಿಗಳ ಮೇಲೆ ಹಾಯುತ್ತದೆ. ನೂನಿಜನು ನಡುವಣ ಊರುಗಳನ್ನು ಹೆಸರಿಸಿಲ್ಲವಾದರೂ ನೇರವಾದ ದಾರಿಯು ಸಿಂಧನೂರಿನ ಎರೆಯ ಬಯಲನ್ನು ಬಿಟ್ಟು ಹೋಗಲಾರದು. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರಿನಿಂದ ಬತ್ತದ ಗದ್ದೆಗಳಾಗಿರುವ ಇಂದಿನ ಸಿಂಧನೂರನ್ನು ಕಂಡವರು 1520ರ ಆ ಬಯಲನ್ನು ಊಹಿಸಿಕೊಳ್ಳಲಾರರು. ಬಿರುಕುಬಿಟ್ಟ ಕಪ್ಪು ನೆಲದ ಮೇಲೆ, ಮರದ ನೆರಳೂ ಅಪರೂಪವಾದೆಡೆಯಲ್ಲಿ, ನೂನಿಜನ ಲೆಕ್ಕವನ್ನು ನಂಬುವುದಾದರೆ ಏಳು ಲಕ್ಷಕ್ಕೆ ಮೇಲ್ಪಟ್ಟ ಕಾಲಾಳುಗಳೂ 32,600 ಕುದುರೆಗಳೂ 551 ಆನೆಗಳೂ ನಡೆದುವು. ಕಾಲಾಳುಗಳ ಸಂಖ್ಯೆಯು ಅತ್ಯುಕ್ತಿಯಿರಬೇಕು. ಆದರೆ ಅವನು ಹೇಳುವ ಇನ್ನೊಂದು ಸಂಗತಿಯು ಕಣ್ಣಾರೆ ಕಂಡಂತಿದೆ. ದಾರಿಯ ನದಿಯೊಂದನ್ನು ದಾಟತೊಡಗಿದಾಗ ನೀರು ಅರೆಮೊಣಕಾಲಿನಷ್ಟಿತ್ತು. ಸೈನ್ಯದ ಅರ್ಧವು ದಾಟುವುದರೊಳಗೆ ಒಂದು ಹನಿಯೂ ಉಳಿಯದೆ, ಹಿಂದಿನವರು ಮರಳಿನಲ್ಲಿ ಗುಂಡಿ ತೋಡಿ ನೀರು ಹುಡುಕಬೇಕಾಯಿತು. ಜನರು ಬಾಯಾರಿ ಸಾಯಬಾರದೆಂದು 12,000 ಮಂದಿ ನೀರಿನವರು ತೊಗಲಿನ ಚೀಲಗಳನ್ನು ಹೊತ್ತು ದಾರಿಯುದ್ದಕ್ಕೂ ನಿಂತಿದ್ದರು. ಕಾಳಗದ ಕವಿಗಳು ಈ ಹನ್ನೆರಡು ಸಾವಿರ ಜನರನ್ನು ಮರೆಯುವುದುಂಟು.

ಕಾಳಗವು ಸ್ಯೂಯೆಲನು ನಿರ್ಣಯಿಸಿರುವಂತೆ 1520ನೆಯ ಮೇ 19ರಂದು ನಡೆಯಿತು. ಆದಿಲ್ ಶಾಹನು ಕೃಷ್ಣೆಯನ್ನು ದಾಟಿ ಬಂದಿದ್ದನು. ಅವನ ನಂಬಿಕೆಯೆಲ್ಲವೂ ಫಿರಂಗಿಗಳಲ್ಲಿ. ಮೊದಲು ಅವು ಒಟ್ಟಿಗೆ ಸಿಡಿದಾಗ ವಿಜಯನಗರದ ಮುಂಚೂಣಿಯು ಒಡೆದು ಹಿಂದೆ ಸರಿಯಿತು. ಆಗ ರಾಯನು ತಾನೇ ಕುದುರೆಯನ್ನೇರಿ ಎರಡನೆಯ ಸಾಲನ್ನು ಮುಂದಕ್ಕೆ ನಡೆಸಿದನು. ಮತ್ತೆ ಗುಂಡು ತುಂಬುವುದರೊಳಗೆ ಕುದುರೆಗಳು ಫಿರಂಗಿಗಳ ಮೇಲೆ ಬಿದ್ದುವು. ಬಿಜಾಪುರದ ಸೈನ್ಯವು ನದಿಯ ಕಡೆಗೆ ಓಡಿತು. ಬಹಳ ಮಂದಿ ನೀರಿನಲ್ಲಿ ಮುಳುಗಿದರು. ಗೆದ್ದವರ ಕೈಗೆ ಬಂದ ವಸ್ತುಗಳಲ್ಲಿ ನಾಲ್ಕು ನೂರು ದೊಡ್ಡ ಫಿರಂಗಿಗಳು, ನೂರು ಆನೆಗಳು, ಹೋರ್ಮುಜಿನ ನಾಲ್ಕು ಸಾವಿರ ಕುದುರೆಗಳು ಇದ್ದುವೆಂದು ನೂನಿಜನು ಎಣಿಸುತ್ತಾನೆ. 120 ಕುದುರೆಗಳ ಹಣವು ಹೋಯಿತೆಂದು ಹೊರಟವನಿಗೆ ನಾಲ್ಕು ಸಾವಿರ ಕುದುರೆಗಳು ದೊರಕಿದುವು.

ರಾಯಚೂರಿನ ಕೋಟೆಯು ಆದರೂ ಮಣಿಯಲಿಲ್ಲ. ಅದರ ಗೋಡೆಗಳನ್ನು ಗುದ್ದಲಿ ಹಾರೆಗಳಿಂದ ಕೀಳುತ್ತಿದ್ದ ಸೈನಿಕರಿಗೆ ನಾಯಕರು ಕಲ್ಲಿನ ಗಾತ್ರಕ್ಕೆ ತಕ್ಕಂತೆ ಹಣವನ್ನು ಕೊಡುತ್ತಿದ್ದರಂತೆ. ಆಗ ಕುದುರೆ ಮಾರಲೆಂದು ಬಂದಿದ್ದ ಕ್ರಿಸ್ತೊವಾವ್ ದ ಫಿಗೆಯ್ರೆದೊ ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಪಾಳೆಯವನ್ನು ಸೇರಿದನು. ಅವರು ಗೋಡೆಯ ಮೇಲೆ ತಲೆಯೆತ್ತಿದವರನ್ನು ದೂರದಿಂದಲೇ ಗುರಿಯಿಟ್ಟು ಕೆಡಹತೊಡಗಿದ ಮೇಲೆ ಕೆಳಗಿನವರು ಧೈರ್ಯವಾಗಿ ಗೋಡೆಯನ್ನು ಅಗೆದರು. ಕೋಟೆಯ ಅಧಿಪತಿಯೇ ಗುಂಡಿಗೆ ಬಲಿಯಾದನು, ಮರುದಿನ ಬಾಗಿಲು ತೆರೆಯಿತು. ಕಡಲಾಚೆಯಿಂದ ಒಂದು ಸರಕನ್ನು ತಂದವನ ಬಳಿಯಲ್ಲಿ ಇನ್ನೊಂದು ಸರಕೂ ಇತ್ತು. ಬರುವ ದಿನಗಳಲ್ಲಿ ಕುದುರೆಗಿಂತ ಅದರ ಬೆಲೆಯೇ ಹೆಚ್ಚಾಗುವುದೆಂದು ಆ ದಿನ ಎಷ್ಟು ಜನಕ್ಕೆ ಹೊಳೆದಿದ್ದೀತು!

ಸೋತ ಆದಿಲ್ ಶಾಹನು ರಾಯಭಾರಿಯನ್ನು ಕಳುಹಿ ಕಳೆದುಕೊಂಡುದನ್ನೆಲ್ಲ ಹಿಂದಕ್ಕೆ ಕೇಳಿದನು. ರಾಯನು, ಬಂದು ತನ್ನ ಪಾದಕ್ಕೆ ಮುತ್ತಿಟ್ಟರೆ ಎಲ್ಲವನ್ನೂ ಕೊಡುವೆನೆಂದನು. 40,000 ಪರ್ದಾವ್‌ಗಳ ಬದಲು ಈಗ ಒಂದು ಮುತ್ತಿನ ಮಾತು! ಈ ಭೇಟಿಗಾಗಿ ರಾಯನು ಗಡಿಯ ಮುದಗಲ್ಲಿಗೆ ಹೋಗಿ ಕಾದನು. ಆದಿಲ್ ಶಾಹನು ಬರುವೆನೆಂದು ಹೇಳಿಸುತ್ತಲೇ ದಿನ ಕಳೆದನು, ಬರಲಿಲ್ಲ. ಕಾದು ಬೇಸತ್ತ ರಾಯನು ಬಿಜಾಪುರದವರೆಗೂ ನಡೆದನು. ಇಷ್ಟು ಹೆಮ್ಮೆಯಿಂದ ಹುಟ್ಟಿದ ಹಗೆತನವನ್ನು ಸುಲ್ತಾನರ ಮನೆಗಳು ಮರೆಯಲಿಲ್ಲ.

1547ನೆಯ ಸೆಪ್ಟೆಂಬರ್ 19ರಂದು ಗೋವೆಯ ಅಧಿಪತಿ ಜುವಾವ್ ದ ಕಾಸ್ತ್ರೊವೂ ವಿಜಯನಗರವೂ ಮಾಡಿಕೊಂಡ ಕರಾರಿನಲ್ಲಿ, ಕೃಷ್ಣದೇವರಾಯನು ಬಯಸಿ ಪಡೆಯದಿದ್ದುದು ಕೊನೆಗೂ ದೊರಕಿತು. ಗೋವೆಯಲ್ಲಿ ಇಳಿಯುವ ಅರಬ್ಬೀ ಪಾರಸಿಕ ಕುದುರೆಗಳೆಲ್ಲ ತಕ್ಕ ಬೆಲೆಗೆ ವಿಜಯನಗರಕ್ಕೇ ಸಲ್ಲತಕ್ಕುದು, ಬಿಜಾಪುರಕ್ಕೆ ಒಂದೂ ಹೋಗಕೂಡದು. ಇದಕ್ಕೆ ಪ್ರತಿಯಾಗಿ ವಿಜಯನಗರದ ವರ್ತಕರು ತಮ್ಮ ಪೆಟ್ಲುಪ್ಪು, ಕಬ್ಬಿಣ, ಬಟ್ಟೆಗಳನ್ನು ಪೋರ್ಚುಗೀಸರಿರುವ ಬಂದರುಗಳಿಗೇ ಒಯ್ಯಬೇಕು. ಅಂಕೋಲ ಹೊನ್ನಾವರಗಳಲ್ಲಿ ಬಟ್ಟೆಗೆ ಬದಲಾಗಿ ತಾಮ್ರ, ಹವಳ, ಇಂಗಳೀಕ, ಪಾದರಸ, ಚೀನಾದ ರೇಷ್ಮೆಗಳು ದೊರೆಯುವುವು. ಪೆಟ್ಲುಪ್ಪಿಲ್ಲದೆ ಮದ್ದಿಲ್ಲ. ಕುದುರೆಗಾಗಿ ಮದ್ದಿನ ಸಾಮಗ್ರಿಯನ್ನು ಕೊಟ್ಟುಬಿಡುವ ಈ ಕರಾರಿನಲ್ಲಿ ಯಾರಿಗೆ ಲಾಭವಾಯಿತೆಂಬುದನ್ನು ಶ್ರೋತೃಗಳೇ ಯೋಚಿಸಬಹುದು.

1565ರಲ್ಲಿ ತಾಳಿಕೋಟೆಯ ಕಾಳಗವಾಯಿತು. ಎಡೆದೊರೆಯು ಮುದಗಲ್ಲು ರಾಯಚೂರುಗಳೊಡನೆ ಬಿಜಾಪುರಕ್ಕೆ ಸೇರಿಹೋಯಿತು. ಎರಡು ವರ್ಷಗಳ ತರುವಾಯ, 1567ರಲ್ಲಿ, ಚೇಸರೆ ಫೆಡೆರಿಚಿ ಎಂಬ ವೆನಿಸ್ಸಿನ ವರ್ತಕನು ಗೋವೆಯಿಂದ ಕುದುರೆಯ ವ್ಯಾಪಾರಿಗಳ ಜತೆಗೂಡಿ ಪಾಳುಬಿದ್ದ ವಿಜಯನಗರಕ್ಕೆ ಹೋದನು. ಅಲ್ಲಿ ಉಳಿದಿದ್ದ ತಿರುಮಲನು ಗೋವೆಯ ವ್ಯಾಪಾರಿಗಳಿಗೆ ಹೇಳಿಕಳುಹಿದ್ದನು: ಕುದುರೆಗಳನ್ನು ತನ್ನಿರಿ, ಒಳ್ಳೆಯ ಬೆಲೆಯನ್ನು ಕೊಡುವೆನು, ಯುದ್ಧದಲ್ಲಿ ಕಳೆದುಹೋದ ನಮ್ಮ ಲಾಯದ ಕುದುರೆಗಳನ್ನು ತಂದರೂ ಅವುಗಳಿಗೂ ಬೆಲೆಯುಂಟು. ವ್ಯಾಪಾರಿಗಳು ನಂಬಿ ತಂದರು. ತಿರುಮಲನು ಕುದುರೆಗಳನ್ನೆಲ್ಲ ಇರಿಸಿಕೊಂಡು ಒಂದು ಕಾಸನ್ನೂ ಕೊಡದೆ ಅವರನ್ನು ಅಟ್ಟಿಬಿಟ್ಟನು. ಅವರು ದುಃಖದಿಂದ ಹುಚ್ಚರಂತಾಗಿ ಹಿಂದಿರುಗಿದರೆಂದು ಫೆಡೆರಿಚಿ ಬರೆದಿದ್ದಾನೆ. ಸತ್ತ ಕುದುರೆಯ ಬಾಲಕ್ಕೂ ಬೆಲೆಯನ್ನು ಎಣಿಸಿದ ಸಿಂಹಾಸನವು ಬದುಕಿದ ಕುದುರೆಗೂ ಬೆಲೆ ಕೊಡಲಾರದ ಸ್ಥಿತಿಗೆ ಬರಲು ನೂರು ವರ್ಷಗಳೂ ಹಿಡಿಯಲಿಲ್ಲ. ಗೋವೆಯ ಸುಂಕದ ಕಟ್ಟೆಯ ಹುಟ್ಟುವಳಿಯೂ ಇಳಿಯಿತು. ಕುದುರೆ, ಮಖಮಲ್ಲು, ಸಾಟೀನುಗಳನ್ನು ವಿಜಯನಗರಕ್ಕೆ ಮಾರಿ ಬದುಕುತ್ತಿದ್ದ ಗೋವೆಯ ನಿವಾಸಿಗಳ ಸಂಸಾರವು ಅಂದಿನಿಂದ ಮುಗ್ಗಟ್ಟಿಗೆ ಬಿದ್ದಿತೆಂದು ಪೋರ್ಚುಗೀಸರ ಚರಿತ್ರಕಾರನಾದ ದಿಯೋಗೊ ದ ಕೌತೊವು ಬರೆದಿಟ್ಟಿದ್ದಾನೆ.